ಕ್ಲಚ್ ಇಲ್ಲದ ಕಾರಿನ ಮೂರು ಆದಿತ್ಯವಾರ

ಬ್ರೇಕಿನ ಪೆಡಲು ಐದೂಕಾಲು ಇಂಚು ಅಗಲವಿತ್ತು. ಶಾಲೆಯಿಂದ ತಂದ ಮರದ ಅಡಿಪಟ್ಟಿ ಇಟ್ಟು ನಾನೇ ಅಳೆದೆ. ಅದರ ಬಲಕ್ಕೆ ಆಕ್ಸಿಲರೇಟರ್. ಎಡಕ್ಕೆ, ಕ್ಲಚ್ ಇರಬೇಕಾದ ಜಾಗದಲ್ಲಿ, ಬೂದು ಬಣ್ಣದ ದಪ್ಪ ಹಾಸು ಮಾತ್ರ ಇತ್ತು. ಹಾಸನ್ನು ಎತ್ತಿ ನೋಡಿದೆ. ಏನನ್ನಾದರೂ ಕಿತ್ತು ತೆಗೆದ ಗುರುತಾಗಲಿ, ತೂತು ಮುಚ್ಚಿದ ತಗಡಾಗಲಿ ಕಾಣಲಿಲ್ಲ. ಕಂಡಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ಕಾರು ಆಗಿನ್ನೂ ನಮ್ಮದಾಗಿರಲಿಲ್ಲ. ಒಂದು ತಿಂಗಳು ಓಡಿಸಿ ನೋಡಿ, ಒಪ್ಪಿಗೆಯಾದರೆ ಇಟ್ಟುಕೊಳ್ಳಿ ಎಂದು ಪುತ್ತೂರಿನ ಮರದ ವ್ಯಾಪಾರಿಯೊಬ್ಬರು ಅದನ್ನು ನಮ್ಮ ಶೆಡ್ಡಿನಲ್ಲಿ ಬಿಟ್ಟುಹೋಗಿದ್ದರು. ಊರಿನಲ್ಲಿ ಎಲ್ಲರೂ ಅವರನ್ನು ಸಾಹೇಬರು ಎನ್ನುತ್ತಿದ್ದರು. ಮನೆಯಲ್ಲಿ ಬ್ಯಾರಿ ಭಾಷೆ, ತಮ್ಮ ಮರದ ಡಿಪೋದಲ್ಲಿ ತುಳು, ನಮ್ಮೊಡನೆ ಕನ್ನಡ ಮಾತನಾಡುವವರು. ಬೊಂಬಾಯಿಯಲ್ಲಿದ್ದ ವಿದೇಶಿಯರೊಬ್ಬರು ತಮ್ಮ ದೇಶಕ್ಕೆ ಮರಳುವಾಗ ಮಾರಿದ ಅಮೆರಿಕದ ಕಾರು ಅದು. ಸಾಹೇಬರು ಅದನ್ನು ತಂದು ನಾಲ್ಕು ತಿಂಗಳಾಗಿತ್ತು. ನಾಲ್ಕೇ ತಿಂಗಳಿಗೆ ಏಕೆ ಮಾರುತ್ತಿದ್ದಾರೆ ಎಂಬುದು ನನ್ನ ಮೊದಲ ಪ್ರಶ್ನೆ. ಅಪ್ಪನಿಗೆ ಆ ಪ್ರಶ್ನೆಯೇ ಇರಲಿಲ್ಲ.

ಇದು ಅರವತ್ತರ ದಶಕದ ನಡುವಿನ ಮಾತು. ನಾನು ಮಂಗಳೂರಿನಲ್ಲಿ ಬಿ.ಎಸ್ಸಿ. ಮುಗಿಸಿ ಪುತ್ತೂರಿನ ಹೈಸ್ಕೂಲೊಂದರಲ್ಲಿ ಗಣಿತ ಕಲಿಸುತ್ತಿದ್ದವಳು. ಅಪ್ಪ ಅಲ್ಲಿಯೇ ಡಾಕ್ಟರು. ಪ್ರತಿ ಆದಿತ್ಯವಾರ ಸುಳ್ಯದಲ್ಲಿ ಒಂದು ಬಾಡಿಗೆ ಕೋಣೆಯಲ್ಲಿ ಕುಳಿತು ರೋಗಿಗಳನ್ನು ನೋಡುತ್ತಿದ್ದರು. ಮೂವತ್ತು ವರ್ಷ ತಾವೇ ಕಾರು ಓಡಿಸಿದವರು. ಎರಡು ವರ್ಷದ ಹಿಂದೆ ಕಡಬದಲ್ಲಿ ರೋಗಿಯೊಬ್ಬರ ಮನೆಯ ಕೆಂಪು ಮುರಕಲ್ಲಿನ ಮೆಟ್ಟಿಲಿನಿಂದ ಜಾರಿ ಬಿದ್ದು ಎಡ ಮೊಣಕಾಲಿನ ಚಿಪ್ಪು ಒಡೆದಿತ್ತು. ನೋವು ಹೋಯಿತು, ಆದರೆ ಕಾಲು ಮಡಚುವುದು ನಿಂತಿತು. ಮಡಚದ ಕಾಲಿನಿಂದ ಕ್ಲಚ್ ಒತ್ತಲಾಗುವುದಿಲ್ಲ. ಅಂದಿನಿಂದ ನಮ್ಮ ಹಳೆಯ ಇಂಗ್ಲಿಷ್ ಕಾರನ್ನು ಡ್ರೈವರು ಓಡಿಸುತ್ತಿದ್ದರು. ಅಪ್ಪ ಹಿಂದೆ ಕುಳಿತು ಬಾಯಿಯಲ್ಲಿ ಓಡಿಸುತ್ತಿದ್ದರು. "ಈಗ ಸೆಕೆಂಡಿಗೆ ಹಾಕು. ಇಂಜಿನ್ ಅಳುದು ಕೇಳುದಿಲ್ಲವಾ ನಿನಗೆ?" ಎನ್ನುವರು. ಡ್ರೈವರು ಹಾಕುವ ಮೊದಲೇ ಅಪ್ಪನ ಎಡಗೈ ಗಾಳಿಯಲ್ಲಿ ಗೇರಿನ ಹಿಡಿಯನ್ನು ಎಳೆಯುತ್ತಿದ್ದುದನ್ನು ನಾನು ಪಕ್ಕದಲ್ಲಿ ಕುಳಿತು ನೋಡಿದ್ದೇನೆ. ಅವರು ಮತ್ತೆ ಸ್ಟೇರಿಂಗ್ ಹಿಡಿಯುವುದಾದರೆ ಅದು ಈ ಕ್ಲಚ್ ಇಲ್ಲದ ಕಾರಿನಿಂದ ಮಾತ್ರ ಸಾಧ್ಯವಿತ್ತು. ಆದ್ದರಿಂದಲೇ ಅವರು ಏನನ್ನೂ ಕೇಳಲಿಲ್ಲ. ಕೇಳುವ ಕೆಲಸ ನನಗೆ ಉಳಿಯಿತು.

ಕಾರು ತಂದ ದಿನ ಸಾಹೇಬರು ಸ್ಟೇರಿಂಗಿನ ಬುಡದಲ್ಲಿದ್ದ ಸಣ್ಣ ಹಿಡಿಯನ್ನು ತೋರಿಸಿದರು. ಅದರ ಮೇಲೆ ಗಾಜಿನೊಳಗೆ ಐದು ಇಂಗ್ಲಿಷ್ ಅಕ್ಷರಗಳಿದ್ದವು.

"'ಡಿ'ಗೆ ಹಾಕುದು, ಕಾಲು ಒತ್ತುದು. ಉಳಿದದ್ದು ಅದೇ ನೋಡಿಕೊಳ್ತದೆ ಡಾಕ್ಟ್ರೆ. ನಿಮ್ಮ ಎಡಗಾಲಿಗೆ ಪೂರಾ ರಜೆ."

ಡ್ರೈವರು ಶೆಡ್ಡಿನ ಕಂಬಕ್ಕೆ ಒರಗಿ ನಿಂತಿದ್ದರು. "ಡಿ ಅಂದ್ರೆ ಎಂತ ಸಾಹೇಬ್ರೆ? ಡ್ರೈವರ್ ಬೇಡ ಅಂತಲಾ?"

"ನಿನ್ನ ಹೊಟ್ಟೆಗೆ ಹೊಡೀಲಿಕ್ಕೆ ಬಂದದ್ದಲ್ಲ ಮಾರಾಯ ನಾನು. ಹಳೆ ಕಾರನ್ನು ಯಾರು ಓಡಿಸುದು, ನಿನ್ನ ಅಜ್ಜನಾ?"

ಅಪ್ಪ ನಕ್ಕರು. ಡ್ರೈವರೂ ನಕ್ಕರು, ಆದರೆ ಕಂಬ ಬಿಟ್ಟು ಹತ್ತಿರ ಬರಲಿಲ್ಲ. ಹನ್ನೊಂದು ವರ್ಷದಿಂದ ನಮ್ಮಲ್ಲಿದ್ದವರು, ಮೊದಲ ಒಂಬತ್ತು ವರ್ಷ ಅಪ್ಪನ ಔಷಧಿಯ ಪೆಟ್ಟಿಗೆ ಹೊರುತ್ತಿದ್ದವರು. ಈ ಕಾರು ಉಳಿದರೆ ಅವರಿಗೆ ಏನು ಉಳಿಯುತ್ತದೆ ಎಂದು ನಾನು ಆಗಲೇ ಯೋಚಿಸಿದ್ದೆ. ಅವರ ಮಾತನ್ನೂ ಸುಮ್ಮನೆ ನಂಬಬಾರದು ಎಂದು ನಿರ್ಧರಿಸಿದ್ದೆ.

ಕಾರು ಮಾರುವುದಕ್ಕೆ ಸಾಹೇಬರು ಅಪ್ಪನಿಗೆ ಹೇಳಿದ ಕಾರಣ, ತಮ್ಮ ವಯಸ್ಸಾದ ತಾಯಿಗೆ ಹತ್ತಿ ಇಳಿಯಲು ಕಷ್ಟ ಎಂದು. ಡ್ರೈವರಿಗೆ ಹೇಳಿದ್ದು, ಪೆಟ್ರೋಲು ವಿಪರೀತ ಕುಡಿಯುತ್ತದೆ ಎಂದು. ಅಮ್ಮನಿಗೆ ಹೇಳಿದ್ದು, ಡಿಪೋದ ಓಣಿಗೆ ಅದು ಅಗಲ ಹೆಚ್ಚು ಎಂದು. ಒಬ್ಬರಿಗೆ ಒಂದೊಂದು ಕಾರಣ. ಮೂರನ್ನೂ ಲೆಕ್ಕದ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದಿಟ್ಟುಕೊಂಡೆ. ಮುಂದಿನ ಸಲ ಅವರು ಬಂದಾಗ, ಅಪ್ಪ ಒಳಗೆ ಹೋಗಿದ್ದ ಹೊತ್ತು ನೋಡಿ, ನಿಜವಾದ ಕಾರಣ ಯಾವುದು ಎಂದು ಕೇಳಿಬಿಟ್ಟೆ.

ಅವರು ತಲೆಯ ಟೋಪಿ ಸರಿಮಾಡಿಕೊಂಡರು. "ನಗುದಿಲ್ಲವಾದ್ರೆ ಹೇಳ್ತೇನೆ ಅಕ್ಕ. ಅದು ಓಡಿಸಿದ ಹಾಗೇ ಆಗುದಿಲ್ಲ. ನಾನು ಪ್ರಾಯದಲ್ಲಿ ಕಡಬದ ಕಾಡಿಂದ ಲಾರಿಯಲ್ಲಿ ಮರ ಇಳಿಸಿದವ. ಲೋಡು ಎಷ್ಟುಂಟು, ಏರು ಎಷ್ಟುಂಟು ಅಂತ ಗೇರು ಹಾಕುವಾಗ ಕೈಗೆ ಗೊತ್ತಾಗ್ತಿತ್ತು. ಇದರಲ್ಲಿ ಕೂತ್ರೆ ಯಾರದ್ದೋ ಮದುವೆಗೆ ಹೋದ ಹಾಗೆ. ಸುಮ್ಮನೆ ಕೂತ್ಕೊಳ್ಳುದು, ಬಡಿಸಿದ್ದನ್ನು ತಿನ್ನುದು."

ಆ ನಾಲ್ಕನೆಯ ಕಾರಣವನ್ನೂ ಬರೆದುಕೊಂಡೆ. ಪಕ್ಕದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದೆ. ಬೊಂಬಾಯಿಯವರೆಗೆ ಹೋಗಿ ತಂದ ಕಾರನ್ನು, ಖುಷಿಯಾಗುವುದಿಲ್ಲ ಎಂಬ ಕಾರಣಕ್ಕೆ ವ್ಯಾಪಾರಿಯೊಬ್ಬ ಮಾರುತ್ತಾನೆಂದು ನಂಬಲು ನಾನು ಸಿದ್ಧಳಿರಲಿಲ್ಲ.

ಕಾರಿನ ಕೆಳಗೆ ದಿನವೂ ಸಂಜೆ ಹಳೆಯ ಪತ್ರಿಕೆ ಹಾಸಿ ಬೆಳಿಗ್ಗೆ ತೆಗೆದು ನೋಡುತ್ತಿದ್ದೆ. ಮೊದಲ ದಿನ ಎರಡು ಹನಿ ಬಿದ್ದಿತ್ತು. ಎರಡನೆಯ ದಿನ ಮೂರು. ಎಣ್ಣೆಯೇ, ಆದರೆ ಕೆಂಪು. ಅಷ್ಟು ಕೆಂಪು ಎಣ್ಣೆಯನ್ನು ನಾನು ಯಾವ ವಾಹನದಲ್ಲೂ ಕಂಡಿರಲಿಲ್ಲ. ಡ್ರೈವರು ಪತ್ರಿಕೆಯ ಮೇಲೆ ಬಗ್ಗಿದರು.

"ನಮ್ಮ ಕಾರಿನಿಂದಲೂ ಬೀಳ್ತದೆ ಅಕ್ಕ. ಆದ್ರೆ ಕಪ್ಪು. ಅದು ಗೊತ್ತಿದ್ದ ಬಣ್ಣ. ಇದು ಎಂತದೋ, ಯಾರಿಗೆ ಗೊತ್ತು."

"ಇದು ಗೇರಿನ ಎಣ್ಣೆ, ಅದರ ಬಣ್ಣವೇ ಹಾಗೆ ಅಂದರು ಸಾಹೇಬರು."

"ಅವರು ಅನ್ನುದೇ ಅಲ್ವಾ? ಮಾರುವವರು ಮತ್ತೆ ಎಂತ ಅಂತಾರೆ?"

ಆ ಮಾತು ನನಗೆ ಇಷ್ಟವಾಯಿತು. ಇಷ್ಟವಾಯಿತೆಂಬುದೇ ಎಚ್ಚರಿಕೆಯಾಗಬೇಕಿತ್ತು. ಕಾರಿನ ಮುಂದಿನ ಖಾನೆಯಲ್ಲಿ ಒಂದು ಇಂಗ್ಲಿಷ್ ಕೈಪಿಡಿ ಇತ್ತು. ಅಪ್ಪ ಅದನ್ನು ಮುಟ್ಟಲಿಲ್ಲ. "ಮೂವತ್ತು ವರ್ಷ ಓಡಿಸಿದವನಿಗೆ ಪುಸ್ತಕ ಎಂತಕ್ಕೆ?" ಎಂದರು. ನಾನು ತೆರೆದೆ. ಕಾರು ತಯಾರಾದ ವರ್ಷ ಯಾವುದು, ಇಂಜಿನಿನ ನಂಬರು ಎಲ್ಲಿ ಕೊರೆದಿರುತ್ತದೆ ಎಂಬ ಪುಟಗಳನ್ನು ಮಾತ್ರ ಹುಡುಕಿ ಓದಿ, ಸಾಹೇಬರು ಹೇಳಿದ್ದಕ್ಕೂ ಅದಕ್ಕೂ ತಾಳೆ ನೋಡಿ ಮುಚ್ಚಿಟ್ಟೆ. ತಾಳೆಯಾಯಿತು. ತಾಳೆಯಾದದ್ದೂ ನನಗೆ ಸಂಶಯ ತಂದಿತು.

ಅಪ್ಪ ಓಡಿಸುವುದಕ್ಕೆ ಅಮ್ಮ ಒಂದು ಕರಾರು ಹಾಕಿದರು. ಊಟದ ಹೊತ್ತಿಗೆ, ಬಡಿಸುತ್ತ, ಯಾರ ಮುಖವನ್ನೂ ನೋಡದೆ ಹೇಳಿದರು. "ಡ್ರೈವರನ್ನು ಬಿಟ್ಟು ಹೋಗುದಾದ್ರೆ ಇವಳು ಜೊತೆಗೆ ಇರ್ಬೇಕು. ಒಂದು ಸಣ್ಣ ತಾಪತ್ರಯ ಆದ್ರೂ ಮತ್ತೆ ಆ ಕಾರು ಬೇಡ. ಹಿಂದಿನ ಸೀಟಿನಲ್ಲಿ ಕೂತ್ರೆ ಮರ್ಯಾದೆ ಹೋಗುದಿಲ್ಲ." ಅಪ್ಪ ಒಪ್ಪಿದರು. ಹೀಗೆ ನಾನು ಕಾವಲಿಗೆ ನೇಮಕಗೊಂಡೆ.

ಹೋಗುವ ಮೊದಲು ನಾನೊಮ್ಮೆ ಓಡಿಸಿ ನೋಡಿದೆ. ಕಾಲೇಜಿನ ರಜೆಯಲ್ಲಿ ಅಪ್ಪ ನನಗೆ ಹಳೆಯ ಕಾರಿನಲ್ಲಿ ಕಲಿಸಿದ್ದರು, ಲೈಸೆನ್ಸೂ ಇತ್ತು. ಆದರೆ ಊರಿನ ಕಣ್ಣಿಗೆ ಬೀಳಲು ಇಷ್ಟವಿಲ್ಲದೆ ಮೈದಾನ ಬಿಟ್ಟು ಹೊರಗೆ ಓಡಿಸಿದ್ದು ಕಡಿಮೆ. ಆ ಹಳೆಯ ಕಾರಿನಲ್ಲಿ ಗೇರು ಇಳಿಸಬೇಕಾದರೆ ಎರಡು ಸಲ ಕ್ಲಚ್ ಒತ್ತಬೇಕು. ನಡುವೆ ಆಕ್ಸಿಲರೇಟರನ್ನು ಬೇಕಾದಷ್ಟೇ ಮುಟ್ಟಬೇಕು. ಹೆಚ್ಚಾದರೂ ಕಡಿಮೆಯಾದರೂ ಹಲ್ಲು ಕಡಿದ ಶಬ್ದ ಬರುತ್ತದೆ. ಸರಿಯಾದಾಗ ಯಾವ ಶಬ್ದವೂ ಇಲ್ಲ. ಹಿಡಿ ತಾನಾಗಿ ಒಳಗೆ ಹೋಗುತ್ತದೆ. ಒಂದು ಲೆಕ್ಕದ ಉತ್ತರ ಶೇಷವಿಲ್ಲದೆ ಬಂದಾಗ ಆಗುವ ಸಂತೋಷವೇ ಅದು. ನಾನು ಯಾರಿಗೂ ಹೇಳಿರಲಿಲ್ಲ.

ಹೊಸ ಕಾರಿನಲ್ಲಿ ಅದಾವುದೂ ಇರಲಿಲ್ಲ. ಹೊರಟ ಸ್ವಲ್ಪ ಹೊತ್ತಿಗೆ ನನ್ನ ಎಡಗಾಲು ಅಭ್ಯಾಸಬಲದಿಂದ ಕ್ಲಚ್ ಹುಡುಕಿ ಆ ಅಗಲವಾದ ಬ್ರೇಕನ್ನು ಬಲವಾಗಿ ಒತ್ತಿತು. ಅಪ್ಪನ ಕನ್ನಡಕ ಮಡಿಲಿಗೆ ಬಿತ್ತು. ಮತ್ತೆ ಕಾಲನ್ನು ಸೀಟಿನ ಕೆಳಗೆ ಮಡಚಿಟ್ಟುಕೊಂಡು ಓಡಿಸಿದೆ. ಗೇರು ತಾನಾಗಿ ಬದಲಾಗುವುದು ಮೆಲ್ಲನೆ ಕೇಳಿಸುತ್ತಿತ್ತು. ಪಕ್ಕದ ಕೋಣೆಯಲ್ಲಿ ನನ್ನ ಬಗ್ಗೆ ಯಾರೋ ಏನೋ ತೀರ್ಮಾನಿಸುತ್ತಿರುವ ಹಾಗೆ. ಸಾಹೇಬರ ನಾಲ್ಕನೆಯ ಕಾರಣ ನೆನಪಾಯಿತು. ಆದರೂ ಪ್ರಶ್ನಾರ್ಥಕ ಚಿಹ್ನೆಯನ್ನು ಅಳಿಸಲಿಲ್ಲ.

ಮೊದಲ ಆದಿತ್ಯವಾರ ಸುಳ್ಯಕ್ಕೆ ಹೋಗುವಾಗ ಅಪ್ಪ ಮಾತನಾಡಲಿಲ್ಲ. ಎರಡು ಕೈಯಲ್ಲೂ ಸ್ಟೇರಿಂಗ್ ಹಿಡಿದು, ಎಡಗಾಲನ್ನು ಆ ಬೂದು ಹಾಸಿನ ಮೇಲೆ ಉದ್ದಕ್ಕೆ ಚಾಚಿ, ಪ್ರತಿ ತಿರುವಿಗೂ ಹಾರ್ನ್ ಹೊಡೆದರು. ಕುಂಬ್ರದ ಜಂಕ್ಷನಿನಲ್ಲಿ ಅಂಗಡಿಯ ಮುಂದೆ ನಿಂತವರು ಕೈ ಎತ್ತಿದರೆ ತಾವೂ ಎತ್ತಿದರು. ಸುಳ್ಯ ಮುಟ್ಟಿದಾಗ ಅಂಗಿಯ ಬೆನ್ನು ಒದ್ದೆಯಾಗಿತ್ತು, ಮುಖ ಮಾತ್ರ ಹಬ್ಬದ ದಿನದ್ದು. ಆದರೆ ಹಿಂದಿರುಗುವಾಗ ಅವರ ಎಡಗೈ ಎರಡು ಮೂರು ಸಲ ಸ್ಟೇರಿಂಗ್ ಬಿಟ್ಟು, ಏನನ್ನೋ ಹುಡುಕಿ, ತೊಡೆಯ ಮೇಲೆ ಕುಳಿತಿತು. ಅವರಿಗೂ ಮಾಡಲು ಏನೂ ಇಲ್ಲದಾಗಿತ್ತು.

ಜಾಲ್ಸೂರು ದಾಟಿದ ಮೇಲೆ ಒಂದು ಉದ್ದದ ಇಳಿಜಾರು. ಅದರ ತಲೆಗೆ ಬಂದಾಗ ಅಪ್ಪ ಹಿಡಿಯನ್ನು 'ಎನ್'ಗೆ, ಎಂದರೆ ನ್ಯೂಟ್ರಲಿಗೆ ಸರಿಸಿ, ಕೀಲಿ ತಿರುಗಿಸಿ ಇಂಜಿನ್ ಆಫ್ ಮಾಡಿದರು.

"ಈಗ ಕೇಳು," ಎಂದರು.

ಟೈರು ಜಲ್ಲಿಯ ಮೇಲೆ ಉರುಳುವ ಸದ್ದು. ಗಾಳಿ. ಎಲ್ಲಿಯೋ ಗದ್ದೆಯಲ್ಲಿ ಯಾರೋ ಯಾರನ್ನೋ ಕರೆದದ್ದು ಮಾತು ಮಾತಾಗಿ ಕೇಳಿಸಿತು. ಅಷ್ಟು ದೊಡ್ಡ ಕಾರು ಹಾಗೆ ಬಾಯಿ ಮುಚ್ಚಿಕೊಂಡು ಇಳಿಯಿತು.

"ಯುದ್ಧದ ಕಾಲದಲ್ಲಿ ಪೆಟ್ರೋಲಿಗೆ ಕೂಪನ್ ಇತ್ತು," ಎಂದರು ಅಪ್ಪ. "ಆಗ ಕಲಿತದ್ದು. ಇಳಿಜಾರಿನಲ್ಲಿ ಪೆಟ್ರೋಲು ಸುಡುದು ಪೆದ್ದರು."

ಪೆಟ್ರೋಲು ನೆಪ ಎಂದು ನನಗೆ ಗೊತ್ತಿತ್ತು. ಯಾವಾಗ ಬಿಡಬೇಕು, ಎಲ್ಲಿ ಬ್ರೇಕು ಮುಟ್ಟಬೇಕು, ಮುಂದಿನ ಏರನ್ನು ಎಲ್ಲಿಯವರೆಗೆ ಅದೇ ಓಟದಲ್ಲಿ ಹತ್ತಿಸಬಹುದು, ಇವೆಲ್ಲ ಅವರ ಅಂದಾಜು. ಆ ಕಾರು ಅವರಿಂದ ತೆಗೆದುಕೊಂಡ ಕೆಲಸವನ್ನು ಅವರು ಇಳಿಜಾರಿನಲ್ಲಿ ಮರಳಿ ಪಡೆಯುತ್ತಿದ್ದರು. ಆ ರಸ್ತೆಯಲ್ಲಿ ಅದನ್ನು ಮಾಡದವರಿರಲಿಲ್ಲ. ನಮ್ಮ ಡ್ರೈವರು ಮಾಡುತ್ತಿದ್ದರು, ಬಸ್ಸಿನವರೂ ಮಾಡುತ್ತಿದ್ದರು. ಅದು ತಪ್ಪಿರಬಹುದೆಂದು ನನಗೆ ಹೊಳೆಯಲೂ ಇಲ್ಲ. ನನಗೂ ಆ ಮೌನ ಹಿಡಿಸಿತು.

"ಅಮ್ಮನಿಗೆ ಹೇಳುದು ಬೇಡ," ಎಂದರು ಅಪ್ಪ. ನಾನು ಹೇಳಲಿಲ್ಲ. ಎಲ್ಲವನ್ನೂ ಬರೆದಿಡುತ್ತಿದ್ದವಳು ಅದನ್ನು ಬರೆದಿಡಲೂ ಇಲ್ಲ.

ಎರಡನೆಯ ಆದಿತ್ಯವಾರ ಅವರು ಏಳು ಕಡೆ ಇಂಜಿನ್ ಆಫ್ ಮಾಡಿದರು. ಏಳು ಎಂದು ಎಣಿಸಿದ್ದೇನೆ. ಮೂರನೆಯ ಆದಿತ್ಯವಾರ ಹೋಗುವಾಗಲೂ ಬರುವಾಗಲೂ ಎಣಿಸಲಿಲ್ಲ. ಏಕೆಂದರೆ ಅಂದು ಇಬ್ಬರೂ ಮಾತನಾಡುತ್ತಿದ್ದೆವು. ನನ್ನ ಅಪ್ಪ ಮತ್ತು ನಾನು ಅದಕ್ಕೆ ಮೊದಲು ಎಂದೂ ಅಷ್ಟು ಮಾತನಾಡಿದ್ದು ನನಗೆ ನೆನಪಿಲ್ಲ. ಹಿಂದಿರುಗುವಾಗ, ಕಾವು ಎಂಬ ಊರು ದಾಟಿ ಕುಂಬ್ರದ ಕಡೆಗೆ ಬರುವ ಏರಿನಲ್ಲಿ ಇಂಜಿನಿನ ಸದ್ದು ಇದ್ದಕ್ಕಿದ್ದಂತೆ ಹೆಚ್ಚಾಯಿತು. ಕಾರಿನ ಓಟ ಹೆಚ್ಚಲಿಲ್ಲ. ಸುಟ್ಟ ಎಣ್ಣೆಯ ವಾಸನೆ ಒಳಗೆ ಬಂತು. ಹೇಗೋ ತೆವಳಿಕೊಂಡು ಕುಂಬ್ರದ ಅಂಗಡಿಗಳ ಮುಂದೆ ಬಂದು, ಅಲ್ಲಿ ನಿಂತುಬಿಟ್ಟಿತು. ಇಂಜಿನ್ ಓಡುತ್ತಲೇ ಇತ್ತು.

ಚಹದಂಗಡಿಯಿಂದ ಜನ ಎದ್ದು ಬಂದರು.

"ಎಂತ ಡಾಕ್ಟ್ರೆ, ಇವತ್ತು ಕಾರೇ ಪೇಷಂಟಾ?"

"ತಳ್ಳಿದ್ರೆ ಸ್ಟಾರ್ಟ್ ಆದೀತು. ಬನ್ನಿ ಮಾರಾಯ್ರೆ, ಕೈ ಹಾಕಿ."

"ಸ್ಟಾರ್ಟ್ ಆಗಿಯೇ ಉಂಟು," ಎಂದರು ಅಪ್ಪ.

"ಸ್ಟಾರ್ಟ್ ಉಂಟು, ಮುಂದೆ ಹೋಗುದಿಲ್ಲ. ಸರಕಾರದ ಹಾಗೆ," ಎಂದು ಹಿಂದಿನಿಂದ ಯಾರೋ ಹೇಳಿದರು. ಎಲ್ಲರೂ ನಕ್ಕರು. ಒಬ್ಬ ಮುದುಕರು ಕಿಟಕಿಯಿಂದ ತಲೆ ಹಾಕಿ ಪೆಡಲುಗಳನ್ನು ಎಣಿಸಿ, "ಒಂದು ಕಮ್ಮಿ ಉಂಟಲ್ಲ. ದಾರಿಯಲ್ಲಿ ಬಿತ್ತಾ?" ಎಂದು ನಿಜವಾದ ಕಾಳಜಿಯಿಂದ ಕೇಳಿದರು.

ನಾನು ಅಪ್ಪನ ಹತ್ತಿರ ಮೆಲ್ಲಗೆ ಹೇಳಿದೆ: "ಸಾಹೇಬರಿಗೆ ಇದು ಗೊತ್ತಿತ್ತು. ಅದಕ್ಕೇ ಮಾರಲು ಹೊರಟದ್ದು." ಅಪ್ಪ ಕಾರಿನಿಂದ ಇಳಿದರು. ಹೊರಟು ನಿಂತ ಬಸ್ಸಿನ ಕಂಡಕ್ಟರನ ಕೈಯಲ್ಲಿ ಸಾಹೇಬರ ಡಿಪೋಗೆ ಸುದ್ದಿ ಕಳುಹಿಸಿದರು. ಒಂದೂವರೆ ಗಂಟೆಯಲ್ಲಿ ಮರದ ಲಾರಿ ಬಂತು. ದಿಮ್ಮಿ ಹೇರುವವರು ಹಲಗೆ ಇಟ್ಟು, ಹಗ್ಗ ಕಟ್ಟಿ, ದಿಮ್ಮಿಗೆ ಕೂಗುವ ಕೂಗನ್ನೇ ಕೂಗುತ್ತ ಕಾರನ್ನು ಲಾರಿಗೆ ಹತ್ತಿಸಿದರು. ನಾವು ಬಸ್ಸಿನಲ್ಲಿ ಮನೆಗೆ ಬಂದೆವು.

ಅಮ್ಮ ಶೆಡ್ಡಿನಲ್ಲಿ ಇಳಿಸಿದ ಕಾರನ್ನು ನೋಡಿ, "ಆಯ್ತಲ್ಲ," ಎಂದಷ್ಟೇ ಹೇಳಿದರು. ಅಪ್ಪ ಆ ರಾತ್ರಿ ಅನ್ನಕ್ಕೆ ಎರಡನೆಯ ಸಲ ಸಾರು ಹಾಕಿಸಿಕೊಳ್ಳಲಿಲ್ಲ.

ಮರುದಿನ ಸೋಮವಾರ. ಶಾಲೆಯ ಸ್ಟಾಫ್ ರೂಮಿನಲ್ಲಿ ಹೊಸ ಕಾರು ಹೇಗುಂಟು ಎಂದು ಯಾರೋ ಕೇಳಿದರು. "ಹಾಳಾಗಿದ್ದ ಕಾರನ್ನು ಅಪ್ಪನಿಗೆ ಅಂಟಿಸಲು ನೋಡಿದರು," ಎಂದೆ. ಒಂದೇ ವಾಕ್ಯ. ಹೆಚ್ಚು ಮಾತನಾಡದವಳು ಆಡಿದ್ದರಿಂದ ಎಲ್ಲರೂ ನಂಬಿದರು. ಯಾವ ಸಾಹೇಬರು ಎಂದು ಯಾರೂ ಕೇಳಬೇಕಾಗಿರಲಿಲ್ಲ. ಪುತ್ತೂರಿನಲ್ಲಿ ಅಂಥ ಕಾರು ಅದೊಂದೇ.

ಸಂಜೆ ಸಾಹೇಬರು ಬಂದರು. ಪಂಚೆ ಎತ್ತಿ ಕಟ್ಟಿ, ಕಾರಿನ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು, ಗೇರಿನ ಎಣ್ಣೆ ನೋಡುವ ಕಡ್ಡಿಯನ್ನು ಎಳೆದು ಮೂಗಿಗೆ ಹಿಡಿದರು. ಕೆಂಪು ಹೋಗಿ ಎಣ್ಣೆ ಕಂದು ಬಣ್ಣಕ್ಕೆ ತಿರುಗಿತ್ತು. ಕಡ್ಡಿಯ ತುದಿಯನ್ನು ಬೆರಳಿನಲ್ಲಿ ಉಜ್ಜಿ ನೋಡಿದರು. ಅವರು ಹೇಳಬಹುದಾದ ಸುಳ್ಳುಗಳಿಗೆಲ್ಲ ನಾನು ಉತ್ತರ ತಯಾರಿಟ್ಟುಕೊಂಡು ನಿಂತಿದ್ದೆ.

"ಇಳಿಜಾರಿನಲ್ಲಿ ಇಂಜಿನ್ ಆಫ್ ಮಾಡಿದ್ದುಂಟಾ ಡಾಕ್ಟ್ರೆ?"

ಅಮ್ಮ ಬಾಗಿಲಿಗೆ ಬಂದು ನಿಂತರು.

"ಇಲ್ಲ," ಎಂದರು ಅಪ್ಪ.

"ಅದನ್ನು ಮಾತ್ರ ಮಾಡ್ಲಿಕ್ಕಿಲ್ಲ ಅಂತ ನಾನು ಅವತ್ತೇ ನಿಮ್ಮ ಡ್ರೈವರಿಗೆ ಹೇಳಿದ್ದೆ." ಸಾಹೇಬರು ಡ್ರೈವರ ಕಡೆಗೆ ತಿರುಗಿದರು. "ಹೇಳಿದ್ದೆನಾ ಇಲ್ಲವಾ?"

"ಹೇಳಿದ್ರು," ಎಂದರು ಡ್ರೈವರು. "ಆದ್ರೆ ಅದನ್ನು ನಾನು ಓಡಿಸಿದ್ದಲ್ಲವಲ್ಲ ಸಾಹೇಬ್ರೆ."

ಸಾಹೇಬರು ಕಡ್ಡಿ ಒರೆಸಿ ಒಳಗಿಟ್ಟರು. "ಡಾಕ್ಟ್ರು ಇಲ್ಲ ಅಂದ್ರೆ ಇಲ್ಲ. ಹಾಗಾದ್ರೆ ತಪ್ಪು ಕಾರಿನದ್ದು, ನನ್ನದು. ನಾಳೆ ಮಧ್ಯಾಹ್ನ ಲಾರಿ ಕಳಿಸ್ತೇನೆ." ಕಾರಿನ ಕೀಲಿ ಕೇಳಿದರು. ಅಪ್ಪ ಕೊಟ್ಟರು. ಡ್ರೈವರು ಒಮ್ಮೆ ನನ್ನ ಮುಖ ನೋಡಿದರು. ನಾನು ಟೈರನ್ನು ನೋಡುತ್ತಿದ್ದೆ.

ಅವರು ಹೋದ ಮೇಲೆ ಡ್ರೈವರನ್ನು ಕೇಳಿದೆ. "ನಿಮಗೆ ಗೊತ್ತಿದ್ದರೆ ಅಪ್ಪನಿಗೆ ಯಾಕೆ ಹೇಳಲಿಲ್ಲ?"

"ಡಾಕ್ಟ್ರಿಗೆ ಓಡಿಸ್ಲಿಕ್ಕೆ ನಾನು ಹೇಳಿಕೊಡುದಾ ಅಕ್ಕ? 'ನಿನಗೆ ಕಲಿಸಿದ್ದು ಯಾರು' ಅಂತ ಕೇಳ್ತಿದ್ರು. ಕಲಿಸಿದ್ದು ಅವರೇ. ಆಫ್ ಮಾಡುದನ್ನೂ ಅವರೇ ಕಲಿಸಿದ್ದು." ಅದು ನಿಜವಾದ ಕಾರಣವೋ, ಕೆಲಸ ಉಳಿಸಿಕೊಳ್ಳಲು ಬಾಯಿ ಮುಚ್ಚಿಕೊಂಡದ್ದೋ ನನಗೆ ಇಂದಿಗೂ ತಿಳಿಯದು. ಎರಡೂ ಇರಬಹುದು.

ಕೈಪಿಡಿಯನ್ನು ಕಾರಿನಿಂದ ತಂದು ಮೊದಲ ಪುಟದಿಂದ ಓದಿದೆ. ಇಪ್ಪತ್ತನೆಯ ಪುಟದ ಹತ್ತಿರ, ದಪ್ಪ ಅಕ್ಷರದಲ್ಲಿ, ಚೌಕಟ್ಟಿನೊಳಗೆ ಇತ್ತು. ಇಂಜಿನ್ ನಿಲ್ಲಿಸಿ ಇಳಿಜಾರಿನಲ್ಲಿ ಕಾರನ್ನು ಬಿಡಬಾರದು. ಇಂಜಿನ್ ತಿರುಗದಿದ್ದರೆ ಗೇರಿನ ಪೆಟ್ಟಿಗೆಗೆ ಎಣ್ಣೆ ಏರುವುದಿಲ್ಲ. ಚಕ್ರ ಮಾತ್ರ ತಿರುಗಿ ಒಳಗಿನ ಭಾಗಗಳು ಒಣಗಿ ಸವೆಯುತ್ತವೆ. ಮೂರು ವಾರದಿಂದ ಆ ಪುಟ ನನ್ನ ಮೊಣಕಾಲಿನ ಮುಂದಿನ ಖಾನೆಯಲ್ಲೇ ಇತ್ತು. ನಾನು ಅದರಲ್ಲಿ ಹುಡುಕಿದ್ದು ಮೋಸವನ್ನು ಮಾತ್ರ.

ಕೊನೆಯ ರೋಗಿ ಹೋಗುವುದನ್ನು ಕಾದು ಅಪ್ಪನ ಕೋಣೆಗೆ ಹೋದೆ. ಆ ಪುಟ ತೆರೆದು ಮೇಜಿನ ಮೇಲೆ, ಸ್ಟೆತಾಸ್ಕೋಪಿನ ಪಕ್ಕ ಇಟ್ಟೆ. ಅವರು ಓದಿದರು. ಕನ್ನಡಕ ತೆಗೆದು, ಒರೆಸಿ, ಪುನಃ ಓದಿದರು.

"ಅವರು ಕೇಳಿದಾಗ ನೀವು ಇಲ್ಲ ಅಂದಿರಿ," ಎಂದೆ.

"ಅಮ್ಮ ಬಾಗಿಲಲ್ಲಿ ನಿಂತಿದ್ದಳು." ಕನ್ನಡಕವನ್ನು ಮೇಜಿನ ಮೇಲಿಟ್ಟು, "ಹೌದು ಅಂದ್ರೆ ನನ್ನ ಓಡಿಸುದು ಅಲ್ಲಿಗೇ ಮುಗೀತಿತ್ತು," ಎಂದರು.

"ಇಲ್ಲ ಅಂದದ್ದರಿಂದ ಉಳಿಯಿತಾ? ಕಾರು ನಾಳೆ ಹೋಗುತ್ತದೆ."

ಅವರು ಪುಸ್ತಕ ಮುಚ್ಚಿದರು. "ನಾಳೆ ನಾನೇ ಹೋಗಿ ಹೇಳ್ತೇನೆ."

ಅವರು ಹೇಳುತ್ತಾರೆಂಬ ನಂಬಿಕೆ ನನಗೆ ಇರಲಿಲ್ಲ. ಹಾಗೆ ನಾನು ನನ್ನ ಅಪ್ಪನ ಬಗ್ಗೆ ಯೋಚಿಸಿದ್ದು ಅದೇ ಮೊದಲು.

ಮಂಗಳವಾರ ಬೆಳಿಗ್ಗೆ ಡ್ರೈವರು ಬರುವ ಮೊದಲೇ ಎದ್ದು ಮೊದಲು ಅಮ್ಮನಿಗೆ ಎಲ್ಲವನ್ನೂ ಹೇಳಿದೆ. ಅವರು ದೋಸೆಯ ಕಾವಲಿಗೆ ಎಣ್ಣೆ ಸವರುತ್ತಿದ್ದರು, ಕೈ ನಿಲ್ಲಲಿಲ್ಲ. "ಮದುವೆಯಾದ ವರ್ಷದಿಂದ ಆಫ್ ಮಾಡುದನ್ನು ನೋಡಿದ್ದೇನೆ. ನನಗೆ ಗೊತ್ತಾಗುದಿಲ್ಲವಾ? ಕೇಳಿದ್ದಕ್ಕೆ ಇಲ್ಲ ಅಂದ್ರಲ್ಲ, ಅದು ನನಗೆ ಸರಿ ಬರ್ಲಿಲ್ಲ. ಹೋಗಿ ಹೇಳ್ಲಿ. ಹೇಳಿದ್ರೆ ಓಡಿಸ್ಲಿ." ದೋಸೆ ಮಗುಚಿ, "ಪುಸ್ತಕ ನೀನು ಓದು. ಅವರ ಪಕ್ಕದಲ್ಲಿ ಕೂತು, ಜೋರಾಗಿ," ಎಂದರು.

ಹಳೆಯ ಕಾರನ್ನು ಶೆಡ್ಡಿನಿಂದ ನಾನೇ ಹೊರಗೆ ತೆಗೆದೆ. ಅಪ್ಪ ಪಕ್ಕದಲ್ಲಿ ಕುಳಿತರು. ಪೇಟೆಯ ಏರಿನಲ್ಲಿ ಎರಡು ಸಲ ಕ್ಲಚ್ ಒತ್ತಿ ಸೆಕೆಂಡಿಗೆ ಇಳಿಸಿದೆ, ಸದ್ದಿಲ್ಲದೆ ಹೋಯಿತು. ಅಪ್ಪನ ಎಡಗೈ ತೊಡೆಯ ಮೇಲೆಯೇ ಇತ್ತು. ಅಂಗಡಿಯ ಬಾಗಿಲು ತೆಗೆಯುತ್ತಿದ್ದವರು ತಿರುಗಿ ನೋಡಿದರು. ನೋಡಲಿ ಎಂದುಕೊಂಡೆ.

ಡಿಪೋದ ಮುಂದೆ ಅಪ್ಪ, "ನೀನು ಇಲ್ಲೇ ಇರು," ಎಂದರು. ನಾನು ಇರಲಿಲ್ಲ. ಕೋಲೂರಿ ನಡೆಯುತ್ತಿದ್ದ ಅವರ ಹಿಂದೆಯೇ ದಿಮ್ಮಿಗಳ ನಡುವೆ ನಡೆದೆ. ಸಾಹೇಬರು ಎದ್ದು ಬೆಂಚು ತೋರಿಸಿದರು. ಅಪ್ಪ ಕೂರಲಿಲ್ಲ.

"ಆಫ್ ಮಾಡಿದ್ದೆ ಸಾಹೇಬ್ರೆ. ಮೂರು ವಾರವೂ. ನಿಮ್ಮ ಕಾರಿನ ತಪ್ಪಲ್ಲ."

"ಎಣ್ಣೆಯ ವಾಸನೆ ನೋಡುವಾಗಲೇ ಗೊತ್ತಾಗಿದೆ ಡಾಕ್ಟ್ರೆ."

"ಮತ್ತೆ ಕೇಳಿದ್ದು ಎಂತಕ್ಕೆ?"

"ನೀವು ಎಂತ ಹೇಳ್ತೀರಿ ಅಂತ ನೋಡ್ಲಿಕ್ಕೆ." ಅವರು ನನ್ನ ಕಡೆ ನೋಡಿದರು. "ಮಗಳು ಸಾಕ್ಷಿಗೆ ಬಂದದ್ದಾ?"

ನನಗೂ ಹೇಳುವುದಿತ್ತು. ಸ್ಟಾಫ್ ರೂಮಿನಲ್ಲಿ ಆಡಿದ ವಾಕ್ಯವನ್ನು, ಆಡಿದ ಹಾಗೆಯೇ, ಅವರ ಮುಂದೆ ಇನ್ನೊಮ್ಮೆ ಆಡಿದೆ.

"ಅದು ನನಗೆ ನಿನ್ನೆ ಮಧ್ಯಾಹ್ನವೇ ಮುಟ್ಟಿದೆ," ಎಂದರು ಸಾಹೇಬರು. ಅವರು ನಗಲಿಲ್ಲ. ಮೇಜಿನ ಖಾನೆಯಿಂದ ಕೀಲಿ ತೆಗೆದು ಅಪ್ಪನಿಗೆ ಕೊಟ್ಟರು. "ಮಂಗಳೂರಿನಲ್ಲಿ ಇದರ ಕೆಲಸ ಗೊತ್ತಿದ್ದವ ಒಬ್ಬ ಇದ್ದಾನೆ. ಇವತ್ತಿನ ಲಾರಿ ಅಲ್ಲಿಗೇ ಹೋಗಲಿ. ರಿಪೇರಿ ನಿಮ್ಮದು. ಸರಿಯಾದ್ರೆ ಕಾರೂ ನಿಮ್ಮದು, ನೀವೇ ಓಡಿಸಿ. ಇಲ್ಲದ್ರೆ ಪುನಃ ನಾನು ಅದರಲ್ಲಿ ಸುಮ್ಮನೆ ಕೂತ್ಕೊಳ್ಬೇಕು, ಅದು ನನ್ನಿಂದ ಆಗುದಿಲ್ಲ."

ಅಪ್ಪ ಆಗ ಬೆಂಚಿನ ಮೇಲೆ ಕುಳಿತರು. ಅವರಿಗೆ ಚಹ ಬಂತು. ನಾನು ಕಾಯಲಿಲ್ಲ, ಅಪ್ಪನನ್ನು ಕರೆದೊಯ್ಯಲು ಡ್ರೈವರಿಗೆ ಹೇಳಿ ಕಳುಹಿಸಿ, ಡಿಪೋದಿಂದ ಶಾಲೆಗೆ ನಡೆದು ಹೋದೆ. ಗಂಟೆಯಾಗಲು ಹದಿನೈದು ನಿಮಿಷವಿತ್ತು. ಸ್ಟಾಫ್ ರೂಮಿನಲ್ಲಿ ಆರು ಜನರಿದ್ದರು. ಹಿಂದಿನ ದಿನ ಕುಳಿತೇ ಹೇಳಿದ್ದೆ. ಅಂದು ನಿಂತುಕೊಂಡು, ಆರು ಜನರಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದೆ: ಕಾರಿನಲ್ಲಿ ದೋಷವಿರಲಿಲ್ಲ, ಹಾಳು ಮಾಡಿದ್ದು ನಾವು, ನಾನು ಪಕ್ಕದಲ್ಲಿ ಕುಳಿತಿದ್ದೆ.